ಹೆಣ್ಣಿಗೆ ಗೌರವ ಇರುವ ಜಿಲ್ಲೆಗೆ ಮಹಿಳಾ ಅಧ್ಯಯನ ಯಾಕೆ?

ಕೊಡಗಿನಲ್ಲಿ ಮಹಿಳಾ ಅಧ್ಯಯನದ, ಅಂದರೆ ಹೆಂಗಸರ ಬದುಕು, ದುಡಿಮೆಗಳನ್ನು ವಿಶ್ವವಿದ್ಯಾಲಯದಲ್ಲಿ ಒಂದು ವಿಷಯವಾಗಿ ಓದುವುದರ ಮಾತು ತೆಗೆದು ನೋಡಿ. ‘ಅದೆಲ್ಲ ಬೇರೆ ಕಡೆಗೆ ಬೇಕಾದೀತು, ನಮ್ಮಲ್ಲಿ ಹೆಣ್ಣುಮಕ್ಕಳಿಗೆ ಏನು ಕಮ್ಮಿ ಆಗಿದೆ?’ ಅನ್ನುವ ಉತ್ತರ ಬಂದೇ ಬರುತ್ತದೆ. ಹೀಗೆ ಹೇಳುವವರ ಹತ್ತಿರ ಆಧಾರ ಇಲ್ಲ ಅಂತಲ್ಲ. 2011ರ ಜನಗಣತಿಯಲ್ಲಿ ಜಿಲ್ಲೆಯಲ್ಲಿ 1000 ಗಂಡಸರಿಗೆ 1019 ಹೆಂಗಸರಿದ್ದರು. ರಾಜ್ಯದ ಸರಾಸರಿ ಆಗ 973. ಕೊಡವರಲ್ಲಿ ವಿಧವೆಯರ ಮರುಮದುವೆಗೆ ಹಿಂದಿನಿಂದಲೂ ಅಡ್ಡಿಯಿಲ್ಲ. ಹಾಕಿ, ಓಟ, ಸೇನೆ, ವೈದ್ಯಕೀಯ, ಎಲ್ಲಿ ನೋಡಿದರೂ ಇಲ್ಲಿನ ಹೆಣ್ಣುಮಕ್ಕಳ ಹೆಸರು ಸಿಗುತ್ತದೆ.

ಹೆಮ್ಮೆ ಪಡೋಣ, ತಪ್ಪೇನಿಲ್ಲ. ಆದರೆ ಆ 1019ನ್ನೇ ಸ್ವಲ್ಪ ಬಿಡಿಸಿ ನೋಡಬೇಕು. ಅದೇ ಜನಗಣತಿಯಲ್ಲಿ ಆರು ವರ್ಷದವರೆಗಿನ ಮಕ್ಕಳಲ್ಲಿ 1000 ಗಂಡಿಗೆ 978 ಹೆಣ್ಣು. ಇದು ಒಳ್ಳೆಯ ಸಂಖ್ಯೆಯೇ. ಇಲ್ಲಿ ಹೆಣ್ಣು ಭ್ರೂಣಕ್ಕೆ ದೊಡ್ಡ ಕುತ್ತು ಬಂದಿಲ್ಲ ಅನ್ನುವ ಸೂಚನೆ ಅದರಲ್ಲಿದೆ. ಆದರೆ ಮಕ್ಕಳಲ್ಲಿ 978 ಇದ್ದದ್ದು ಎಲ್ಲರನ್ನೂ ಸೇರಿಸಿದಾಗ 1019 ಆಗೋದು ಹೇಗೆ? ಹೆಂಗಸರು ಗಂಡಸರಿಗಿಂತ ಜಾಸ್ತಿ ವರ್ಷ ಬದುಕುತ್ತಾರೆ, ಅದೊಂದು ಕಾರಣ. ಸೇನೆಗೆ, ಬೆಂಗಳೂರಿಗೆ, ಕೊಲ್ಲಿ ದೇಶಗಳಿಗೆ ಹೋದ ಗಂಡಸರು ಇಲ್ಲಿನ ಲೆಕ್ಕಕ್ಕೆ ಸಿಗುವುದಿಲ್ಲ, ಅದು ಇನ್ನೊಂದು. ಹಾಗಾದರೆ ಈ ಸಂಖ್ಯೆಯ ಒಂದು ಪಾಲು ಯಾರನ್ನು ತೋರಿಸುತ್ತಿದೆ? ತೋಟ, ದನ, ವಯಸ್ಸಾದ ಅತ್ತೆ ಮಾವ, ಮಕ್ಕಳ ಶಾಲೆ ಎಲ್ಲವನ್ನೂ ಒಂಟಿಯಾಗಿ ನೋಡಿಕೊಳ್ಳುವ ಹೆಂಗಸನ್ನು. ಗೌರವದ ಲೆಕ್ಕ ಅಂತ ನಾವು ಮುಂದೆ ಹಿಡಿಯುವ ಸಂಖ್ಯೆಯೊಳಗೆ ದುಡಿಮೆಯ ಲೆಕ್ಕವೂ ಅಡಗಿದೆ. ಮಹಿಳಾ ಅಧ್ಯಯನ ಮಾಡುವುದು ಇಂಥ ಕೆಲಸವನ್ನೇ. ಬೇರೆ ಯಾರೂ ಕೇಳದ ಪ್ರಶ್ನೆಯನ್ನು ಅದು ಕೇಳುತ್ತದೆ.

ಭಾರತದಲ್ಲಿ ಈ ವಿಷಯ ಬೆಳೆದದ್ದೂ ಇಂಥದ್ದೇ ಒಂದು ಲೆಕ್ಕದಿಂದ. 1971ರಲ್ಲಿ ಕೇಂದ್ರ ಸರ್ಕಾರ ಮಹಿಳೆಯರ ಸ್ಥಿತಿಗತಿ ನೋಡಲು ಒಂದು ಸಮಿತಿ ಮಾಡಿತು. 1975 ಅಂತರರಾಷ್ಟ್ರೀಯ ಮಹಿಳಾ ವರ್ಷ, ಅಷ್ಟರೊಳಗೆ ವಿಶ್ವಸಂಸ್ಥೆಗೆ ಒಂದು ವರದಿ ತೋರಿಸಬೇಕಿತ್ತು. ಸ್ವಾತಂತ್ರ್ಯ ಬಂದಿದೆ, ಸಂವಿಧಾನದಲ್ಲಿ ಸಮಾನತೆ ಇದೆ, ಪ್ರಧಾನಿಯೇ ಹೆಂಗಸು. ವರದಿ ಚೆನ್ನಾಗಿಯೇ ಬರುತ್ತದೆ ಅಂತ ಎಲ್ಲರಿಗೂ ನಂಬಿಕೆ. ಫುಲ್‌ರೇಣು ಗುಹಾ ಅಧ್ಯಕ್ಷತೆಯ ಆ ಸಮಿತಿಗೆ ವೀಣಾ ಮಜುಂದಾರ್ ಸದಸ್ಯ ಕಾರ್ಯದರ್ಶಿ. 1974ರ ಕೊನೆಗೆ ಅವರು ಕೊಟ್ಟ ‘ಟುವರ್ಡ್ಸ್ ಈಕ್ವಾಲಿಟಿ’ ವರದಿ ಬೇರೆಯದನ್ನೇ ಹೇಳಿತು. 1901ರಲ್ಲಿ ದೇಶದಲ್ಲಿ 1000 ಗಂಡಸರಿಗೆ 972 ಹೆಂಗಸರಿದ್ದರು. 1971ಕ್ಕೆ ಅದು 930ಕ್ಕೆ ಇಳಿದಿತ್ತು. ದುಡಿಮೆಯಲ್ಲೂ ಹೆಂಗಸರ ಪಾಲು ಇಳಿಮುಖ. ಅಭಿವೃದ್ಧಿ ಆಗುತ್ತಾ ಹೋದ ಹಾಗೆ ಹೆಂಗಸರು ಹಿಂದೆ ಬೀಳುತ್ತಾ ಬಂದಿದ್ದರು.

ವರದಿ ಬರೆದವರಿಗೇ ಇದು ಆಘಾತ. ಅವರೆಲ್ಲ ಓದಿದವರು, ಪಾಠ ಹೇಳುತ್ತಿದ್ದವರು. ಇಷ್ಟು ದೊಡ್ಡ ಸಂಗತಿ ತಮ್ಮ ವಿಶ್ವವಿದ್ಯಾಲಯಗಳ ಕಣ್ಣಿಗೆ ಯಾಕೆ ಬೀಳಲಿಲ್ಲ ಅನ್ನುವ ಪ್ರಶ್ನೆ ಅವರನ್ನು ಕಾಡಿತು. ಅರ್ಥಶಾಸ್ತ್ರ ಓದಿಸುವವರು ಕೂಲಿ ಲೆಕ್ಕ ಹಾಕುತ್ತಿದ್ದರು, ಮನೆಯೊಳಗಿನ ಕೆಲಸ ಲೆಕ್ಕಕ್ಕೇ ಇರಲಿಲ್ಲ. ಇತಿಹಾಸದವರಿಗೆ ರಾಜರಿದ್ದರು. ಸಮಾಜಶಾಸ್ತ್ರದವರಿಗೆ ‘ಕುಟುಂಬ’ ಅಂದರೆ ಒಂದು ಇಡೀ ಘಟಕ, ಅದರೊಳಗೆ ಯಾರು ಮೊದಲು ಉಣ್ಣುತ್ತಾರೆ, ಯಾರು ಕೊನೆಗೆ ಅನ್ನುವುದು ಅಧ್ಯಯನದ ವಿಷಯ ಆಗಿರಲಿಲ್ಲ. ಅಂದರೆ ತೊಂದರೆ ಇದ್ದದ್ದು ಸಮಾಜದಲ್ಲಷ್ಟೇ ಅಲ್ಲ, ಪಠ್ಯದಲ್ಲೂ.

ಅಲ್ಲಿಂದ ಮುಂದೆ ಹೆಜ್ಜೆಗಳು ಬೇಗ ಬೇಗ ಬಿದ್ದವು. 1974ರಲ್ಲೇ ಮುಂಬೈಯ ಎಸ್‌ಎನ್‌ಡಿಟಿ ಮಹಿಳಾ ವಿಶ್ವವಿದ್ಯಾಲಯದಲ್ಲಿ ನೀರಾ ದೇಸಾಯಿ ಸಂಶೋಧನಾ ಘಟಕ ಶುರುಮಾಡಿದರು. 1980ರಲ್ಲಿ ದೆಹಲಿಯಲ್ಲಿ ಮಹಿಳಾ ಅಭಿವೃದ್ಧಿ ಅಧ್ಯಯನ ಕೇಂದ್ರ ಬಂತು, ವೀಣಾ ಮಜುಂದಾರ್ ಅದರ ಮೊದಲ ನಿರ್ದೇಶಕಿ. 1981ರಲ್ಲಿ ಎಸ್‌ಎನ್‌ಡಿಟಿಯಲ್ಲೇ ಮೊದಲ ರಾಷ್ಟ್ರೀಯ ಸಮ್ಮೇಳನ, 1982ರಲ್ಲಿ ಭಾರತೀಯ ಮಹಿಳಾ ಅಧ್ಯಯನ ಸಂಘ. 1986ರ ರಾಷ್ಟ್ರೀಯ ಶಿಕ್ಷಣ ನೀತಿ ಮಹಿಳಾ ಅಧ್ಯಯನವನ್ನು ಬೆಳೆಸಬೇಕು ಅಂತ ನೇರವಾಗಿ ಹೇಳಿತು. ವಿಶ್ವವಿದ್ಯಾಲಯ ಅನುದಾನ ಆಯೋಗ (ಯುಜಿಸಿ) ಹಣ ಕೊಡಲು ಶುರುಮಾಡಿತು. ಮೂವತ್ತು ವರ್ಷದಲ್ಲಿ ದೇಶದಲ್ಲಿ ನೂರೈವತ್ತಕ್ಕೂ ಹೆಚ್ಚು ಕೇಂದ್ರಗಳಾದವು.

ಕರ್ನಾಟಕವೂ ಹಿಂದೆ ಉಳಿಯಲಿಲ್ಲ. ಬೆಂಗಳೂರು, ಮೈಸೂರು, ಮಂಗಳೂರು ವಿಶ್ವವಿದ್ಯಾಲಯಗಳಲ್ಲಿ ಕೇಂದ್ರಗಳು ಬಂದವು. ಹಂಪಿಯ ಕನ್ನಡ ವಿಶ್ವವಿದ್ಯಾಲಯದಲ್ಲಿ ಮಹಿಳಾ ಅಧ್ಯಯನಕ್ಕೆ ಬೇರೆ ವಿಭಾಗವೇ ಆಯಿತು. ಅದು ಮುಖ್ಯ, ಯಾಕೆಂದರೆ ಅಲ್ಲಿ ಸಂಶೋಧನೆ ನಡೆಯುವುದು ಕನ್ನಡದಲ್ಲಿ. ಹಳ್ಳಿಯ ಅಜ್ಜಿಯ ಮಾತನ್ನು ಇಂಗ್ಲಿಷಿಗೆ ತಿರುಗಿಸಿ, ಆಮೇಲೆ ಅದನ್ನೇ ಕನ್ನಡಕ್ಕೆ ವಾಪಸು ತರುವ ಕಷ್ಟ ಅಲ್ಲಿಲ್ಲ. 2003ರಲ್ಲಿ ವಿಜಯಪುರದಲ್ಲಿ ಮಹಿಳಾ ವಿಶ್ವವಿದ್ಯಾಲಯ ಶುರುವಾಯಿತು, 2017ರಿಂದ ಅದಕ್ಕೆ ಅಕ್ಕಮಹಾದೇವಿಯ ಹೆಸರು. ವಿಶ್ವವಿದ್ಯಾಲಯದ ಗೋಡೆಯ ಹೊರಗೂ ಕೆಲಸ ನಡೆಯಿತು. ಮೈಸೂರಿನಲ್ಲಿ ಕನ್ನಡ ಪಾಠ ಹೇಳುತ್ತಿದ್ದ ವಿಜಯಾ ದಬ್ಬೆಯವರು ತರಗತಿಯ ಪಾಠ ಮತ್ತು ಬೀದಿಯ ಹೋರಾಟ ಎರಡನ್ನೂ ಒಟ್ಟಿಗೆ ನಡೆಸಿದವರು.

ಇಷ್ಟು ಓದಿದರೆ ಇದು ಗೆಲುವಿನ ಕಥೆ ಅನ್ನಿಸುತ್ತದೆ, ಅಲ್ವಾ? ಹಣದ ವಿಷಯಕ್ಕೆ ಬನ್ನಿ.

ಯುಜಿಸಿ ಈ ಕೇಂದ್ರಗಳಿಗೆ ಹಣ ಕೊಟ್ಟದ್ದು ಪಂಚವಾರ್ಷಿಕ ಯೋಜನೆಗಳ ಲೆಕ್ಕದಲ್ಲಿ. ಐದು ವರ್ಷಕ್ಕೊಮ್ಮೆ ಪರಿಶೀಲನೆ, ಮತ್ತೆ ಮುಂದುವರಿಕೆ. ವಿಶ್ವವಿದ್ಯಾಲಯ ಕ್ರಮೇಣ ಆ ಹುದ್ದೆಗಳನ್ನು ತನ್ನದು ಮಾಡಿಕೊಳ್ಳಬೇಕು ಅನ್ನುವುದು ಲೆಕ್ಕಾಚಾರ. ಎಷ್ಟೋ ಕಡೆ ಅದು ಆಗಲೇ ಇಲ್ಲ. ನಿರ್ದೇಶಕರು ಅಂದರೆ ಸಮಾಜಶಾಸ್ತ್ರದ ಅಥವಾ ಇಂಗ್ಲಿಷಿನ ಪ್ರೊಫೆಸರ್, ಇದು ಅವರಿಗೆ ಹೆಚ್ಚುವರಿ ಹೊಣೆ. ಉಳಿದವರು ಗುತ್ತಿಗೆಯವರು. 2017ರಲ್ಲಿ ಹನ್ನೆರಡನೇ ಯೋಜನೆ ಮುಗಿಯಿತು, ಯೋಜನಾ ಆಯೋಗ ಅದಕ್ಕೆ ಮೊದಲೇ ಹೋಗಿತ್ತು. ಕೇಂದ್ರಗಳ ಗತಿ ಏನು ಅನ್ನುವ ಪ್ರಶ್ನೆ ಎದ್ದಿತು. ಮುಂದುವರಿಕೆ ತಿಂಗಳುಗಳ ಲೆಕ್ಕಕ್ಕೆ ಇಳಿಯಿತು. ವರ್ಷಗಟ್ಟಲೆ ಪಾಠ ಮಾಡಿದವರು ಮುಂದಿನ ಸಂಬಳ ಬರುತ್ತದೋ ಇಲ್ಲವೋ ಅಂತ ದೆಹಲಿಯ ಸುತ್ತೋಲೆ ಕಾಯುವ ಹಾಗಾಯಿತು.

ನನ್ನ ಅನಿಸಿಕೆ ಹೇಳಿಬಿಡುತ್ತೇನೆ. ಮಹಿಳಾ ಅಧ್ಯಯನಕ್ಕೆ ಹೊರಗಿನವರ ವಿರೋಧಕ್ಕಿಂತ ಜಾಸ್ತಿ ಪೆಟ್ಟು ಕೊಟ್ಟದ್ದು ಈ ತಾತ್ಕಾಲಿಕ ವ್ಯವಸ್ಥೆ. ವಿರೋಧ ಬಂದರೆ ಉತ್ತರ ಕೊಡಬಹುದು. ಹುದ್ದೆಯೇ ಇಲ್ಲದ ವಿಭಾಗ ಯಾರಿಗೆ ಉತ್ತರ ಕೊಡುತ್ತದೆ? ಈ ವಿಷಯದಲ್ಲಿ ಎಂ.ಎ. ಇದೆ, ಪಿಎಚ್‌ಡಿ ಇದೆ, ಕಾಲೇಜಿನಲ್ಲಿ ಪಾಠ ಮಾಡಲು ಅರ್ಹತೆ ಕೊಡುವ ನೆಟ್ (ಎನ್‌ಇಟಿ) ಪರೀಕ್ಷೆಯೂ ಇದೆ. ಎಲ್ಲ ಪಾಸಾದ ಮೇಲೆ ಪದವಿ ಕಾಲೇಜುಗಳಲ್ಲಿ ಈ ವಿಷಯದ ಹುದ್ದೆ ಹುಡುಕಿದರೆ ಸಿಗೋದು ಅಪರೂಪ. ಇತಿಹಾಸ ಓದಿದವಳು ಇತಿಹಾಸದ ಹುದ್ದೆಗೆ ಅರ್ಜಿ ಹಾಕುತ್ತಾಳೆ. ಮಹಿಳಾ ಅಧ್ಯಯನ ಓದಿದವಳು ಸಂಘ ಸಂಸ್ಥೆಗಳ ಪ್ರಾಜೆಕ್ಟ್ ಹುಡುಕಬೇಕು. ಮನೆಯಲ್ಲಿ ಅಪ್ಪ ಅಮ್ಮ ‘ಇದನ್ನು ಓದಿ ಏನು ಮಾಡ್ತೀಯ?’ ಅಂದರೆ ಅವರನ್ನು ಹಿಂದುಳಿದವರು ಅನ್ನುವ ಹಾಗಿಲ್ಲ. ಅವರ ಪ್ರಶ್ನೆ ನ್ಯಾಯವಾದದ್ದೇ.

ಈಗ ಕೊಡಗಿಗೆ ಬರೋಣ. ಇಲ್ಲಿನ ಕಾಲೇಜುಗಳು ದಶಕಗಳ ಕಾಲ ಮಂಗಳೂರು ವಿಶ್ವವಿದ್ಯಾಲಯಕ್ಕೆ ಸೇರಿದ್ದವು. ಎಂ.ಎ. ಮಾಡಬೇಕು ಅಂದರೆ ಘಾಟಿ ಇಳಿದು ಆ ವಿಶ್ವವಿದ್ಯಾಲಯ ಇರುವ ಕೊಣಾಜೆಗೆ, ಇಲ್ಲವಾದರೆ ಮೈಸೂರಿಗೆ ಹೋಗಬೇಕಿತ್ತು. ಆಮೇಲೆ ಕುಶಾಲನಗರದ ಹತ್ತಿರ ಚಿಕ್ಕ ಅಳುವಾರದಲ್ಲಿ ‘ಜ್ಞಾನ ಕಾವೇರಿ’ ಸ್ನಾತಕೋತ್ತರ ಕೇಂದ್ರ ಬಂತು. 2023ರಲ್ಲಿ ಅದೇ ಕೊಡಗು ವಿಶ್ವವಿದ್ಯಾಲಯ ಆಯಿತು. ಹೊಸ ವಿಶ್ವವಿದ್ಯಾಲಯ ಸರಿಯಾಗಿ ಕಾಲೂರುವ ಮೊದಲೇ, 2025ರ ಆರಂಭದಲ್ಲಿ, ಹೊಸದಾಗಿ ಶುರುವಾದ ಒಂಬತ್ತು ವಿಶ್ವವಿದ್ಯಾಲಯಗಳನ್ನು ಮುಚ್ಚುವ ಶಿಫಾರಸು ಸಂಪುಟ ಉಪಸಮಿತಿಯಿಂದ ಬಂತು. ಆ ಪಟ್ಟಿಯಲ್ಲಿ ಕೊಡಗೂ ಇತ್ತು. ಜಿಲ್ಲೆಯಲ್ಲಿ ವಿರೋಧವೂ ಎದ್ದಿತು.

ವಿಶ್ವವಿದ್ಯಾಲಯವೇ ಇರುತ್ತದೋ ಇಲ್ಲವೋ ಅನ್ನುವಾಗ ಅದರಲ್ಲಿ ಮಹಿಳಾ ಅಧ್ಯಯನ ಬೇಕು ಅನ್ನೋದು ಅತಿಯಾಯಿತು ಅಂತ ಕೆಲವರಿಗೆ ಅನ್ನಿಸಬಹುದು. ನನಗೆ ಉಲ್ಟಾ ಅನ್ನಿಸುತ್ತದೆ. ಮಂಗಳೂರಲ್ಲೂ ಮೈಸೂರಲ್ಲೂ ಸಿಗುವ ಅದೇ ವಾಣಿಜ್ಯ, ಅದೇ ಇಂಗ್ಲಿಷ್ ಎಂ.ಎ.ಗಳನ್ನು ಮಾತ್ರ ಇಲ್ಲೂ ಇಟ್ಟುಕೊಂಡರೆ, ಬೇರೆ ವಿಶ್ವವಿದ್ಯಾಲಯ ಯಾಕೆ ಅನ್ನುವವರ ಬಾಯಿ ಮುಚ್ಚಿಸುವುದು ಕಷ್ಟ. ಇಲ್ಲಿ ಕೂತೇ ಮಾಡಬೇಕಾದ ಓದು ಯಾವುದು ಅಂತ ತೋರಿಸಬೇಕು. ಅಂಥದ್ದು ಕೊಡಗಿನಲ್ಲಿ ಬೇಕಾದಷ್ಟಿದೆ.

ಕಾಫಿ ಕುಯ್ಲಿನ ತೂಕವನ್ನೇ ನೋಡಿ. ದೇಶದ ಕಾಫಿಯಲ್ಲಿ ಮೂರನೇ ಒಂದರಷ್ಟು ಈ ಒಂದು ಜಿಲ್ಲೆಯದು. ಕುಯ್ಲಿನ ಕಾಲದಲ್ಲಿ ಎಷ್ಟೋ ತೋಟಗಳಲ್ಲಿ ಕೂಲಿ ಕೆಜಿ ಲೆಕ್ಕ. ಸಂಜೆ ತೂಕದ ಹೊತ್ತಿಗೆ ಚೀಲಗಳು ಸಾಲಾಗಿ ಬರುತ್ತವೆ. ಗಂಡ, ಹೆಂಡತಿ, ಕೆಲವು ಸಲ ಮನೆಯ ಮಕ್ಕಳು, ಎಲ್ಲರೂ ಕುಯ್ದದ್ದು ಒಂದೇ ಲೆಕ್ಕಕ್ಕೆ ಸೇರುತ್ತದೆ. ಎಲೆ, ಕಡ್ಡಿ ಆರಿಸಿ ಹಣ್ಣು ಹಸನು ಮಾಡಿದ್ದು ಅವಳು. ಬುಡದಲ್ಲಿ ಉದುರಿದ್ದನ್ನು ಬಗ್ಗಿ ಹೆಕ್ಕಿದ್ದು ಅವಳು. ಚೀಲ ಹೊತ್ತು ತಂದು ತಕ್ಕಡಿಗೆ ಇಟ್ಟದ್ದು ಅವನು. ತೋಟದ ಲೆಕ್ಕ ಬರೆಯುವ ರೈಟರು ಹೆಸರು ಕೇಳುತ್ತಾರೆ, ಅವನು ತನ್ನ ಹೆಸರು ಹೇಳುತ್ತಾನೆ. ಪುಸ್ತಕದಲ್ಲಿ ಇಷ್ಟು ಕೆಜಿ ಅಂತ ಅವನ ಹೆಸರಿನ ಮುಂದೆ ಬೀಳುತ್ತದೆ. ವಾರದ ಬಟವಾಡೆಯೂ ಆ ಹೆಸರಿಗೇ.

ಇದರಲ್ಲಿ ಯಾರೂ ಮೋಸ ಮಾಡಿಲ್ಲ. ರೈಟರಿಗೆ ಬೇಕಾದದ್ದು ತೂಕ, ಮಾಲೀಕರಿಗೆ ಬೇಕಾದದ್ದು ಒಟ್ಟು ಲೆಕ್ಕ. ಆದರೆ ನಾಳೆ ಯಾರಾದರೂ ಆ ಪುಸ್ತಕ ಹಿಡಿದು ಕೊಡಗಿನ ತೋಟಗಳಲ್ಲಿ ಹೆಂಗಸರ ದುಡಿಮೆ ಎಷ್ಟು ಅಂತ ಬರೆದರೆ ಅವಳು ಅಲ್ಲಿ ಇರುವುದೇ ಇಲ್ಲ. ಕುಯ್ಲು ಮುಗಿದ ಮೇಲೂ ಇದೇ ಕಥೆ. ಮರಗಸಿಗೆ, ಅಂದರೆ ನೆರಳಿನ ಮರಗಳ ಕೊಂಬೆ ಕಡಿಯೋದಕ್ಕೆ, ಏಣಿ ಹತ್ತಿ ಕರಿಮೆಣಸು ಕೊಯ್ಯೋದಕ್ಕೆ ಗಂಡಾಳು, ಅದಕ್ಕೆ ಜಾಸ್ತಿ ಕೂಲಿ. ಕಳೆ ತೆಗೆಯೋದಕ್ಕೆ, ಬಿದ್ದ ಮೆಣಸು ಹೆಕ್ಕೋದಕ್ಕೆ ಹೆಣ್ಣಾಳು, ಅದಕ್ಕೆ ಕಮ್ಮಿ. 1976ರ ಸಮಾನ ವೇತನ ಕಾಯ್ದೆ ಒಂದೇ ಬಗೆಯ ಕೆಲಸಕ್ಕೆ ಒಂದೇ ಕೂಲಿ ಅಂದಿತ್ತು. ಕೆಲಸವೇ ಬೇರೆ ಅಂದುಬಿಟ್ಟರೆ ಕಾಯ್ದೆ ಏನು ಮಾಡೀತು? ಏಣಿ ಹತ್ತುವುದು ಅಪಾಯದ ಕೆಲಸ, ನಿಜ. ಮಳೆಗಾಲದಲ್ಲಿ ಜಿಗಣೆ ಕಚ್ಚಿಸಿಕೊಂಡು ಇಡೀ ದಿನ ಸೊಂಟ ಬಗ್ಗಿಸಿ ಕಳೆ ಕೀಳುವುದಕ್ಕೆ ಬೆಲೆ ಕಟ್ಟಿದವರು ಯಾರು, ಯಾವ ಲೆಕ್ಕದ ಮೇಲೆ? ಇದು ಅರ್ಥಶಾಸ್ತ್ರದ ಪ್ರಶ್ನೆ. ಕೇಳಿದ್ದು ಮಾತ್ರ ಮಹಿಳಾ ಅಧ್ಯಯನ.

ಶಿಶುವಿಹಾರದ ವಿಷಯ ಇನ್ನೂ ಸ್ವಾರಸ್ಯ. 1951ರ ಪ್ಲಾಂಟೇಶನ್ ಕಾರ್ಮಿಕ ಕಾಯ್ದೆಯಲ್ಲಿ 50 ಹೆಂಗಸರು ಕೆಲಸಕ್ಕಿದ್ದರೆ, ಅಥವಾ ಅವರ ಮಕ್ಕಳು 20 ಇದ್ದರೆ, ತೋಟದವರು ಶಿಶುವಿಹಾರ ನಡೆಸಬೇಕು ಅಂತ ಇತ್ತು. ಈಗ ಆ ಕಾಯ್ದೆ ಹೊಸ ಕಾರ್ಮಿಕ ಸಂಹಿತೆಯೊಳಗೆ ಸೇರಿಹೋಗಿದೆ. ಆದರೆ ದೇಶದ ಕಾಫಿ ಬೆಳೆಗಾರರಲ್ಲಿ ಶೇ 98ಕ್ಕೂ ಹೆಚ್ಚು ಮಂದಿ 10 ಹೆಕ್ಟೇರಿಗಿಂತ ಕಡಿಮೆ ಇರುವ ಸಣ್ಣ ಹಿಡುವಳಿಯವರು. ಅಂಥ ತೋಟದಲ್ಲಿ 50 ಹೆಂಗಸರು ಎಲ್ಲಿಂದ ಬರುತ್ತಾರೆ? ಮೇಸ್ತ್ರಿಯ ಜೊತೆ ಬರುವ ಗುಂಪು ಇವತ್ತು ಈ ತೋಟ, ನಾಳೆ ಪಕ್ಕದ ತೋಟ. ಹೀಗೆ ಕಾನೂನಿನ ಸಂಖ್ಯೆ ಇಂಥ ಸಣ್ಣ ತೋಟಗಳಲ್ಲಿ ಮುಟ್ಟುವುದಿಲ್ಲ, ಇಡೀ ಊರಿನ ಲೆಕ್ಕ ಹಾಕಿದರೆ ಮಾತ್ರ ಮಕ್ಕಳು ಬೇಕಾದಷ್ಟಿರುತ್ತಾರೆ. ದೊಡ್ಡ ಟೀ ಎಸ್ಟೇಟುಗಳನ್ನು ಮನಸ್ಸಿನಲ್ಲಿ ಇಟ್ಟುಕೊಂಡು ಬರೆದ ನಿಯಮ ಕೊಡಗಿನ ಸಣ್ಣ ಕಾಫಿ ತೋಟಕ್ಕೆ ಹೊಂದುವುದಿಲ್ಲ ಅನ್ನುವುದನ್ನು ಹೇಳಲು ಇಲ್ಲಿಯ ಅಧ್ಯಯನವೇ ಬೇಕು. ದೆಹಲಿಯಲ್ಲಿ ಕೂತು ಇದು ಹೊಳೆಯುವುದಿಲ್ಲ.

ಈ ತೋಟಗಳ ಹೆಂಗಸರು ಯಾರು ಅನ್ನುವುದರಲ್ಲೇ ಕೊಡಗಿನ ಹೆಮ್ಮೆಯ ಮಾತಿನ ಕೊರತೆಯೂ ಗೊತ್ತಾಗುತ್ತದೆ. ‘ಕೊಡಗಿನ ಹೆಣ್ಣು’ ಅಂದ ಕೂಡಲೇ ಕೊಡವ ಸೀರೆ ಉಟ್ಟವರು ಕಣ್ಣಿಗೆ ಬರುತ್ತಾರೆ. ತೋಟದ ಆಳುಗಳಿರುವ ಲೈನ್‌ಮನೆಯ ಆದಿವಾಸಿ ಯರವರ ಹೆಂಗಸು ಬರುವುದಿಲ್ಲ. ಜೇನುಕುರುಬರ, ಬೆಟ್ಟಕುರುಬರ ಹೆಣ್ಣುಮಕ್ಕಳು ಬರುವುದಿಲ್ಲ. ಅಸ್ಸಾಮಿನಿಂದ ಬಂದು ಕುಯ್ಲು ಮುಗಿಸಿ ಹೋಗುವವಳಂತೂ ಇಲ್ಲವೇ ಇಲ್ಲ. ಅರೆಭಾಷೆ ಗೌಡರ ಮನೆ, ಮಾಪಿಳ್ಳೆಯರ ಮನೆ, ಒಂದೊಂದರ ರೂಢಿಯೂ ಬೇರೆ. ಒಂದು ಸಮುದಾಯದ ಒಳ್ಳೆಯ ರೂಢಿಯನ್ನು ಇಡೀ ಜಿಲ್ಲೆಯ ಹೆಣ್ಣಿನ ಸ್ಥಿತಿ ಅಂತ ಹೇಳುವುದು ಲೆಕ್ಕದಲ್ಲೇ ತಪ್ಪು.

ಮಹಿಳಾ ಅಧ್ಯಯನ ಕೂಡ ಈ ತಪ್ಪನ್ನು ಮಾಡಿ ಪೆಟ್ಟು ತಿಂದಿದೆ ಅನ್ನೋದನ್ನು ಮರೆಯಬಾರದು. ಶುರುವಿನ ವರ್ಷಗಳಲ್ಲಿ ಅದು ಬಹುಪಾಲು ಮೇಲ್ಜಾತಿಯ, ನಗರದ, ಓದಿದ ಹೆಂಗಸರ ಕೈಯಲ್ಲಿತ್ತು. ತೊಂಬತ್ತರ ದಶಕದಲ್ಲಿ ದಲಿತ ಹೆಂಗಸರು ‘ನಮ್ಮ ಪರವಾಗಿ ನೀವು ಮಾತಾಡಬೇಡಿ’ ಅಂತ ಗಟ್ಟಿಯಾಗಿ ಹೇಳಿದರು. 1995ರಲ್ಲಿ ದಲಿತ ಮಹಿಳೆಯರ ರಾಷ್ಟ್ರೀಯ ಒಕ್ಕೂಟ ಕಟ್ಟಿದ ರೂತ್ ಮನೋರಮಾ ಬೆಂಗಳೂರಿನಲ್ಲಿ ಕೆಲಸ ಮಾಡಿದವರು. ಆ ಜಗಳದಿಂದ ವಿಷಯಕ್ಕೆ ಒಳ್ಳೆಯದೇ ಆಯಿತು. ಕೊಡಗಿನಲ್ಲಿ ಅಂಥ ಮಾತು ಪುಸ್ತಕದಲ್ಲಿ ಬರದಿದ್ದರೂ ನೆಲದ ಮೇಲೆ ಬಂದಿದೆ. 2016ರ ಡಿಸೆಂಬರಿನಲ್ಲಿ ದಿಡ್ಡಳ್ಳಿಯಲ್ಲಿ ಐನೂರಕ್ಕೂ ಹೆಚ್ಚು ಆದಿವಾಸಿ ಕುಟುಂಬಗಳ ಗುಡಿಸಲು ಕೆಡವಿದಾಗ ಮುಂದೆ ನಿಂತು ಹೋರಾಡಿದವರಲ್ಲಿ ಹೆಂಗಸರು ಇದ್ದರು. ಅವರಲ್ಲಿ ಎಷ್ಟೋ ಮಂದಿ ಲೈನ್‌ಮನೆಯ ಬದುಕು ಸಾಕು ಅಂತ ಬಂದವರು. 2006ರ ಅರಣ್ಯ ಹಕ್ಕು ಕಾಯ್ದೆಯಲ್ಲಿ ಒಂದು ಒಳ್ಳೆಯ ಮಾತಿದೆ. ಮದುವೆಯಾದವರಿಗೆ ಹಕ್ಕುಪತ್ರ ಗಂಡ ಹೆಂಡತಿ ಇಬ್ಬರ ಹೆಸರಲ್ಲೂ ಜಂಟಿಯಾಗಿ ಆಗಬೇಕು. ನಾಗರಹೊಳೆ ಅಂಚಿನ ಆದಿವಾಸಿ ಹಾಡಿಗಳಲ್ಲಿ ಹಕ್ಕುಪತ್ರ ಸಿಕ್ಕ ಮನೆಗಳಲ್ಲಿ ಆ ಎರಡನೇ ಹೆಸರು ಇದ್ದು ಏನು ಬದಲಾಗಿದೆ? ಸಾಲ, ಮನೆ ರಿಪೇರಿ, ಮಗಳ ಓದು, ಇದರಲ್ಲಿ ಅವಳ ಮಾತು ನಡೆಯುತ್ತದೆಯೇ? ಒಬ್ಬ ಪಿಎಚ್‌ಡಿ ವಿದ್ಯಾರ್ಥಿನಿಗೆ ಇಷ್ಟು ಸಾಕು.

ಇನ್ನು ಕೊಡವ ಒಕ್ಕದ, ಅಂದರೆ ಒಂದೇ ಮೂಲದ ಮನೆತನದ ವಿಷಯ. ಸಮಾಜಶಾಸ್ತ್ರ ಓದಿದವರಿಗೆಲ್ಲ ‘ಒಕ್ಕ’ ಗೊತ್ತು, ಎಂ.ಎನ್. ಶ್ರೀನಿವಾಸ್ ಅವರು ಕೊಡವರ ಬಗ್ಗೆ 1952ರಲ್ಲಿ ಪ್ರಕಟಿಸಿದ ಪುಸ್ತಕದಿಂದ. ‘ಸಂಸ್ಕೃತೀಕರಣ’, ಅಂದರೆ ಕೆಳಗಿನ ಜಾತಿಯವರು ಮೇಲಿನವರ ಆಚಾರಗಳನ್ನು ತಮ್ಮದು ಮಾಡಿಕೊಳ್ಳುವುದು ಅನ್ನುವ ವಿಚಾರ ಹೊರಬಂದದ್ದೂ ಆ ಪುಸ್ತಕದಿಂದಲೇ. ಹಾಗೆ ನೋಡಿದರೆ ಭಾರತದ ಸಮಾಜಶಾಸ್ತ್ರ ಕೊಡಗಿಗೆ ಸಾಲ ಉಳಿಸಿಕೊಂಡಿದೆ. ಆ ಪುಸ್ತಕದ ಕಣ್ಣು ಜಾಸ್ತಿ ಇದ್ದದ್ದು ಆಚರಣೆಗಳ ಮೇಲೆ. ಅದೇ ಆಚರಣೆಗಳನ್ನು ಹೆಣ್ಣಿನ ಕಡೆಯಿಂದ ಓದಿದರೆ ಬೇರೆ ಪ್ರಶ್ನೆಗಳು ಬರುತ್ತವೆ. ಮದುವೆಯಲ್ಲಿ ‘ಸಂಬಂಧ ಅಡ್ಕುವ’ ಅಂತ ಒಂದು ಶಾಸ್ತ್ರ ಇದೆ. ಎರಡೂ ಒಕ್ಕಗಳ ಪರವಾಗಿ ಮಾತಾಡುವ ಅರುವರು ಎದುರು ಬದುರು ನಿಂತು ಮಾತು ಕೊಟ್ಟು ತೆಗೆದುಕೊಳ್ಳುತ್ತಾರೆ. ಹರಳು ಕಲ್ಲುಗಳ ಲೆಕ್ಕದಲ್ಲಿ ಹುಡುಗಿಯ ಹಕ್ಕು ಗಂಡನ ಒಕ್ಕಕ್ಕೆ ಹೋಗುತ್ತದೆ. ಆದರೆ ಎಲ್ಲ ಕಲ್ಲನ್ನೂ ಕೊಡುವುದಿಲ್ಲ, ಒಂದನ್ನು ತವರಿನ ಕಡೆ ಉಳಿಸಿಕೊಳ್ಳುವ ರೂಢಿ. ಮಗಳಿಗೆ ತವರಿನ ಬಾಗಿಲು ಪೂರ್ತಿ ಮುಚ್ಚಿಲ್ಲ ಅನ್ನುವುದಕ್ಕೆ ಅದು ಗುರುತು. ಗಂಡು ದಿಕ್ಕಿಲ್ಲದ ಮನೆಯಲ್ಲಿ ಒಕ್ಕಪರಿಜೆ, ಮಕ್ಕಪರಿಜೆ ಮದುವೆಗಳೂ ಇವೆ, ಹೆಣ್ಣಿನ ಮೂಲಕವೇ ಒಕ್ಕದ ಹೆಸರು ಮುಂದುವರಿಯುತ್ತದೆ.

ಚೆಂದದ ರೂಢಿ. ಆದರೆ ಆ ಒಂದು ಕಲ್ಲಿಗೆ ಕಂದಾಯ ಇಲಾಖೆಯಲ್ಲಿ ಏನು ಬೆಲೆ? ಗಂಡನ ಮನೆಯಿಂದ ವಾಪಸು ಬಂದ ಮಗಳಿಗೆ ಒಕ್ಕದ ಮೂಲಮನೆಯಾದ ಐನ್‌ಮನೆಯಲ್ಲಿ ಕೋಣೆ ಸಿಗಬಹುದು. ತೋಟದಲ್ಲಿ ಪಾಲು? ಒಕ್ಕಕ್ಕೆ ತಲೆಮಾರುಗಳಿಂದ ಬಂದ ಜಮ್ಮಾ ಜಮೀನಿನ ದಾಖಲೆಯಲ್ಲಿ ಒಕ್ಕದ ಮುಖ್ಯಸ್ಥನಾದ ಪಟ್ಟೆದಾರನ ಹೆಸರು ತಲೆಯಲ್ಲಿ ಇರುತ್ತದೆ. ಕರ್ನಾಟಕದಲ್ಲಿ 1994ರಿಂದ, ದೇಶದಲ್ಲಿ 2005ರಿಂದ, ಅವಿಭಕ್ತ ಆಸ್ತಿಯಲ್ಲಿ ಮಗಳಿಗೂ ಮಗನ ಹಾಗೇ ಹಕ್ಕು ಅಂತ ಕಾನೂನು ಹೇಳುತ್ತದೆ. 2020ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಇನ್ನೂ ಖಚಿತ ಮಾಡಿತು. ರೂಢಿ ಒಂದು ಹೇಳುತ್ತದೆ, ಕಾನೂನು ಇನ್ನೊಂದು, ಪಹಣಿ ಮೂರನೆಯದು. ಪಹಣಿ ಈಗ ಆನ್‌ಲೈನಿನಲ್ಲಿ ಸಿಗುತ್ತದೆ. ಕೊಡಗಿನ ಒಂದು ನಾಡಿನ, ಅಂದರೆ ಕೆಲವು ಊರುಗಳ ಗುಂಪಿನ ಪಹಣಿಗಳನ್ನು ಎದುರಿಗೆ ಇಟ್ಟುಕೊಂಡು ಅದರಲ್ಲಿ ಎಷ್ಟು ಹೆಣ್ಣು ಹೆಸರಿವೆ, ಅದರಲ್ಲಿ ಎಷ್ಟು ವಿಧವೆಯರದು, ಎಷ್ಟು ಮಗಳಾಗಿ ಬಂದದ್ದು ಅಂತ ಎಣಿಸಲು ದೊಡ್ಡ ಅನುದಾನ ಬೇಡ. ತಾಳ್ಮೆ ಬೇಕು. ಸ್ವಲ್ಪ ಧೈರ್ಯವೂ ಬೇಕು, ಯಾಕೆಂದರೆ ಎಣಿಸಿದ್ದನ್ನು ಊರಿನಲ್ಲಿ ಹೇಳಬೇಕಲ್ಲ.

ಕೊಡಗಿನ ಹೆಂಗಸರು ಈ ವಿಷಯಕ್ಕೆ ಸಾಮಗ್ರಿ ಮಾತ್ರ ಅಂತ ತಿಳಿಯಬೇಡಿ. ಅದನ್ನು ಕಟ್ಟಿದವರಲ್ಲೂ ಇದ್ದಾರೆ. ವಿರಾಜಪೇಟೆಯಲ್ಲಿ ಹುಟ್ಟಿದ ಸಿ.ಬಿ. ಮುತ್ತಮ್ಮ 1949ರಲ್ಲಿ ವಿದೇಶಾಂಗ ಸೇವೆ ಸೇರಿದ ಮೊದಲ ಮಹಿಳೆ. ಆ ಸೇವೆಯ ನಿಯಮದಲ್ಲಿ ಹೆಂಗಸು ಮದುವೆಯಾಗಬೇಕಾದರೆ ಸರ್ಕಾರದ ಅನುಮತಿ ಬೇಕಿತ್ತು. ಸಂಸಾರದಿಂದ ಕೆಲಸಕ್ಕೆ ತೊಂದರೆ ಅನ್ನಿಸಿದರೆ ರಾಜೀನಾಮೆ ಕೇಳುವ ಅಧಿಕಾರ ಸರ್ಕಾರಕ್ಕಿತ್ತು. ಗಂಡಸರಿಗೆ ಅಂಥ ನಿಯಮ ಇರಲಿಲ್ಲ. ಬಡ್ತಿ ತಪ್ಪಿದಾಗ ಮುತ್ತಮ್ಮ ಸುಪ್ರೀಂ ಕೋರ್ಟಿಗೆ ಹೋದರು. 1979ರಲ್ಲಿ ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಬರೆದ ತೀರ್ಪು ಆ ನಿಯಮಗಳನ್ನು ಕಟುವಾಗಿ ಟೀಕಿಸಿತು. ಸ್ವಾರಸ್ಯ ಏನೆಂದರೆ ಅರ್ಜಿ ವಜಾ ಆಯಿತು, ಯಾಕೆಂದರೆ ಕೇಸು ನಡೆಯುವಾಗಲೇ ಸರ್ಕಾರ ಬಡ್ತಿ ಕೊಟ್ಟುಬಿಟ್ಟಿತ್ತು. ಸೋತ ಅರ್ಜಿ, ಗೆದ್ದ ವಾದ. ಲಿಂಗ ಸಮಾನತೆಯ ಕಾನೂನು ಪಾಠದಲ್ಲಿ ಈ ಪ್ರಕರಣ ಇಂದಿಗೂ ಬರುತ್ತದೆ. ಕೊಡಗಿನ ಕಾಲೇಜುಗಳಲ್ಲಿ ಎಷ್ಟು ಮಕ್ಕಳಿಗೆ ಇದು ಗೊತ್ತು ಅಂತ ಕೇಳಿ ನೋಡಿ.

ಮಡಿಕೇರಿಯಲ್ಲಿ 1912ರಲ್ಲಿ ಹುಟ್ಟಿದ ಕೊಡಗಿನ ಗೌರಮ್ಮ ಇನ್ನೊಂದು ಉದಾಹರಣೆ. ತೋಟದ ಬದುಕಿನ ನಡುವೆ ಕೂತು ಕಥೆ ಬರೆದರು, ಅದೂ ಶ್ರೀಮತಿ ಬಿ.ಟಿ.ಜಿ. ಕೃಷ್ಣ ಅಂತ ಗಂಡನ ಹೆಸರಿಟ್ಟುಕೊಂಡು. 27ನೇ ವಯಸ್ಸಿಗೆ, 1939ರಲ್ಲಿ, ನೀರಿನಲ್ಲಿ ಮುಳುಗಿ ತೀರಿಹೋದರು. ಅವರ ಕಥೆಗಳು 2023ರಲ್ಲಿ ಇಂಗ್ಲಿಷಿಗೆ ಹೋದದ್ದು ಮಡಿಕೇರಿಯವರೇ ಆದ ದೀಪಾ ಭಾಸ್ತಿ ಅವರಿಂದ. 2025ರಲ್ಲಿ ಬಾನು ಮುಷ್ತಾಕ್ ಅವರ ಜೊತೆ ಅಂತರರಾಷ್ಟ್ರೀಯ ಬೂಕರ್ ಹಂಚಿಕೊಂಡವರು ಇವರೇ. ಗೌರಮ್ಮನ ಹೆಸರನ್ನು ನಾವು ಪ್ರಶಸ್ತಿಗೆ, ದತ್ತಿಗೆ ಇಟ್ಟು ಉಳಿಸಿದ್ದೇವೆ. ಓದಿ ಚರ್ಚೆ ಮಾಡಿದ್ದು ಕಮ್ಮಿ.

ಹಾಗಾದರೆ ಈಗ ಕಾಲೇಜುಗಳಲ್ಲಿ ಏನು ನಡೆಯುತ್ತಿದೆ? ಹೆಚ್ಚಿನ ಕಡೆ ಮಹಿಳಾ ಘಟಕ ಅಂತ ಒಂದಿರುತ್ತದೆ. ಮಾರ್ಚ್ 8ಕ್ಕೆ ಕಾರ್ಯಕ್ರಮ. ರಂಗೋಲಿ ಸ್ಪರ್ಧೆ, ಒಂದು ಭಾಷಣ, ಗ್ರೂಪ್ ಫೋಟೋ. ಕಾಲೇಜುಗಳ ಗುಣಮಟ್ಟ ಅಳೆಯುವ ನ್ಯಾಕ್ ತಂಡ ಬಂದಾಗ ತೋರಿಸಲು ಫೈಲಿನಲ್ಲಿ ಆ ಫೋಟೋ ಬೇಕು, ಯಾಕೆಂದರೆ ಲಿಂಗ ಸಮಾನತೆಗೆ ಅಂಕ ಇದೆ. ರಂಗೋಲಿಯ ಮೇಲೆ ನನಗೇನೂ ಕೋಪ ಇಲ್ಲ. ಆದರೆ ಅಡುಗೆ, ಮನೆ ಕೆಲಸ ಹೆಂಗಸರ ಹೆಗಲ ಮೇಲೆ ಇರುವುದು ಯಾಕೆ ಅಂತ ಕೇಳಬೇಕಾದ ದಿನ, ಅದರ ಮೇಲೆ ಇನ್ನೊಂದು ಸ್ಪರ್ಧೆ ಹೇರುವುದು ಸ್ವಲ್ಪ ತಮಾಷೆಯಾಗಿದೆ. ಕೇಂದ್ರದ ಅಂಕಿಅಂಶ ಕಚೇರಿ 2024ರಲ್ಲಿ ಮಾಡಿದ ಸಮಯ ಬಳಕೆ ಸಮೀಕ್ಷೆಯಲ್ಲಿ ಮನೆ ಕೆಲಸ ಮಾಡುವ ಹೆಂಗಸರು ದಿನಕ್ಕೆ ಸರಾಸರಿ 289 ನಿಮಿಷ ಅದಕ್ಕೆ ಕೊಡುತ್ತಾರೆ. ಗಂಡಸರಲ್ಲಿ ಮಾಡುವವರೇ 88 ನಿಮಿಷ. ಹುಡುಗ ಹುಡುಗಿಯರು ತಮ್ಮ ಮನೆಯ ಒಂದು ದಿನದ ಲೆಕ್ಕವನ್ನು ಹೀಗೇ ಬರೆದು ತಂದರೆ ಮಾರ್ಚ್ 8ಕ್ಕೆ ಅದಕ್ಕಿಂತ ಒಳ್ಳೆಯ ಕಾರ್ಯಕ್ರಮ ಬೇಕಿಲ್ಲ. ಹುಡುಗರೂ ಬರೆಯಬೇಕು. ಇದು ಹುಡುಗಿಯರ ವಿಷಯ ಅಂತ ಹುಡುಗರನ್ನು ಹೊರಗೆ ಕಳಿಸಿದರೆ ಅರ್ಧ ಪಾಠ ಹೋಯಿತು.

ಪಠ್ಯದ ಕಡೆಯಿಂದ ನಡುವೆ ಒಂದು ಅವಕಾಶ ಬಂದಿತ್ತು. 2021-22ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿ ಜಾರಿಗೆ ತಂದಾಗ ಪದವಿಯಲ್ಲಿ ಮುಕ್ತ ಆಯ್ಕೆಯ ಪೇಪರುಗಳು ಬಂದವು. ಬಿ.ಕಾಂ. ಓದುವವರೂ ಬೇರೆ ವಿಭಾಗದ ಒಂದು ಪೇಪರ್ ತೆಗೆದುಕೊಳ್ಳಬಹುದಿತ್ತು. 2024-25ಕ್ಕೆ ರಾಜ್ಯ ಸರ್ಕಾರ ಆ ನೀತಿ ಕೈಬಿಟ್ಟು ಹಳೆಯ ಮೂರು ವರ್ಷದ ಪದವಿಗೆ ಮರಳಿತು. ನೀತಿ ಯಾವುದೇ ಇರಲಿ, ಮೂರು ವರ್ಷಕ್ಕೊಮ್ಮೆ ಪಠ್ಯ ಬದಲಾದರೆ ಹೊಸ ವಿಷಯ ಬೇರು ಬಿಡುವುದಿಲ್ಲ. ಹಳೆಯ ವಿಷಯಗಳು ಹೇಗೋ ಬದುಕಿಕೊಳ್ಳುತ್ತವೆ, ಅವುಗಳಿಗೆ ಹುದ್ದೆ ಇದೆ.

ಇಷ್ಟೆಲ್ಲ ಆದ ಮೇಲೆ ಕೊಡಗಿಗೆ ಒಂದು ಪೂರ್ಣ ಮಹಿಳಾ ಅಧ್ಯಯನ ವಿಭಾಗ, ಅದರಲ್ಲೊಂದು ಎಂ.ಎ. ಬೇಕು ಅಂತ ನಾನು ಹೇಳುತ್ತೇನೆ ಅಂದುಕೊಂಡರೆ, ಇಲ್ಲ. ಹತ್ತು ವಿದ್ಯಾರ್ಥಿನಿಯರನ್ನು ಸೇರಿಸಿಕೊಂಡು, ಕೆಲಸ ಸಿಗದ ಡಿಗ್ರಿ ಕೊಟ್ಟು ಕಳಿಸುವುದು ಅವರಿಗೆ ಮಾಡುವ ಅನ್ಯಾಯ. ಅದರ ಬದಲು ಈಗ ಇರುವ ಅರ್ಥಶಾಸ್ತ್ರ, ಇತಿಹಾಸ, ಕನ್ನಡ, ಸಮಾಜಕಾರ್ಯದ ಒಳಗೆ ಈ ಪ್ರಶ್ನೆಗಳು ಬರಲಿ. ಅರ್ಥಶಾಸ್ತ್ರದಲ್ಲಿ ಕಾಫಿ ಕೂಲಿಯ ಒಂದು ಪೇಪರ್ ಇರಲಿ. ಇತಿಹಾಸದಲ್ಲಿ ಜಮ್ಮಾ ದಾಖಲೆ ಓದುವ ತರಬೇತಿ. ಕನ್ನಡದಲ್ಲಿ ಗೌರಮ್ಮ, ಜೊತೆಗೆ ಯರವರ, ಕುರುಬರ ಹೆಂಗಸರ ಹಾಡು ಮತ್ತು ಮಾತು ಧ್ವನಿಮುದ್ರಿಸುವ ಕೆಲಸ. ಇದೆಲ್ಲವನ್ನೂ ಕೂಡಿಸಿ ನಡೆಸಲು ಒಂದು ಸಣ್ಣ ಕೇಂದ್ರ. ಹೀಗೆ ಮಾಡಿದರೆ ವಿಷಯದ ಹರಿತ ಹೋಗುತ್ತದೆ, ಎಲ್ಲರ ಕೆಲಸ ಯಾರ ಕೆಲಸವೂ ಅಲ್ಲದ ಹಾಗಾಗುತ್ತದೆ ಅನ್ನುವ ವಾದ ಇದೆ. ಅದರಲ್ಲಿ ಸತ್ಯವೂ ಇದೆ. ಹಾಗಾಗಿಯೇ ಆ ಸಣ್ಣ ಕೇಂದ್ರಕ್ಕೆ ಇನ್ನೊಂದು ವಿಭಾಗದ ಹೆಚ್ಚುವರಿ ಹೊಣೆಯವರಲ್ಲ, ಅದೇ ಕೆಲಸಕ್ಕೆ ನೇಮಕವಾದವರು ಬೇಕು.

ಸಮಯವೂ ಅನುಕೂಲವಾಗಿದೆ. 2027ರ ಫೆಬ್ರವರಿಯಲ್ಲಿ ಜನಗಣತಿಯ ಎಣಿಕೆ, ಸರಿಯಾಗಿ ರೊಬಸ್ಟಾ ಕುಯ್ಲಿನ ಹೊತ್ತಿಗೆ. 1991ರ ಜನಗಣತಿಗೆ ಮೊದಲು ಮಹಿಳಾ ಅಧ್ಯಯನದವರು ಮತ್ತು ಸಂಘಟನೆಗಳು ಪಟ್ಟು ಹಿಡಿದು ಕೆಲಸದ ಪ್ರಶ್ನೆಗೆ ‘ಹೊಲದಲ್ಲಿ, ಮನೆಯ ಉದ್ಯಮದಲ್ಲಿ ಸಂಬಳವಿಲ್ಲದೆ ಮಾಡುವ ಕೆಲಸವೂ ಸೇರಿ’ ಅನ್ನುವ ಮಾತನ್ನು ಸೇರಿಸಿದ್ದರು. ಈ ವಿಷಯ ವಿಶ್ವವಿದ್ಯಾಲಯದ ಹೊರಗೆ ಗೆದ್ದ ದೊಡ್ಡ ಗೆಲುವುಗಳಲ್ಲಿ ಅದು ಒಂದು. ಆದರೂ ಬಾಗಿಲಿಗೆ ಬಂದ ಗಣತಿದಾರರಿಗೆ ‘ನಮ್ಮವಳು ಮನೆಯಲ್ಲೇ ಇರೋದು’ ಅಂತ ಗಂಡಸು ಉತ್ತರ ಕೊಟ್ಟರೆ ಆ ಮಾತು ಕಾಗದದಲ್ಲೇ ಉಳಿಯುತ್ತದೆ. ಕೊಡಗಿನಲ್ಲಿ ಗಣತಿಗೆ ಹೋಗುವವರಲ್ಲಿ ಬಹುಪಾಲು ಶಾಲಾ ಶಿಕ್ಷಕ ಶಿಕ್ಷಕಿಯರು. ಅವರಿಗೆ ಒಂದು ದಿನದ ತರಬೇತಿಯಲ್ಲಿ, ಕಣದಲ್ಲಿ ಕಾಫಿ ಹರಡುವವಳು, ಆಳುಗಳಿಗೆ ಅಡುಗೆ ಮಾಡಿ ಹಾಕುವವಳು, ಹಂದಿ ಸಾಕುವವಳು ಯಾವ ಕಾಲಮ್ಮಿಗೆ ಬರುತ್ತಾಳೆ ಅಂತ ಹೇಳಿಕೊಡಲು ಚಿಕ್ಕ ಅಳುವಾರದಿಂದ ಇಬ್ಬರು ಅಧ್ಯಾಪಕರು ಬಂದರೆ ಸಾಕು.

ಅಡ್ಡಿ ಇರುವುದು ಆ ಅಧ್ಯಾಪಕರ ವಿಷಯದಲ್ಲೇ. ಹೊಸ ವಿಶ್ವವಿದ್ಯಾಲಯಗಳು ನಡೆಯುತ್ತಿರುವುದು ಹೆಚ್ಚಾಗಿ ಅತಿಥಿ ಉಪನ್ಯಾಸಕರ ಮೇಲೆ. ಅವರಲ್ಲಿ ಜಾಣರಿದ್ದಾರೆ, ಶ್ರಮ ಪಡುವವರಿದ್ದಾರೆ. ಆದರೆ ತೋಟದ ದುಡಿಮೆಯ ಅಧ್ಯಯನಕ್ಕೆ ಕಡಿಮೆ ಅಂದರೂ ಎರಡು ಮೂರು ಕುಯ್ಲು ನೋಡಬೇಕು. ವರ್ಷಕ್ಕೊಮ್ಮೆ ನವೀಕರಣ ಆಗುವವರು ಎರಡನೇ ಕುಯ್ಲಿಗೆ ಅಲ್ಲಿರುತ್ತಾರೆ ಅನ್ನುವ ಭರವಸೆ ಇಲ್ಲ. ಲೈನ್‌ಮನೆಯ ಹೆಂಗಸು ಮೊದಲ ವರ್ಷ ಬಂದವರ ಹತ್ತಿರ ಮನಸ್ಸು ಬಿಚ್ಚಿ ಮಾತಾಡುವುದಿಲ್ಲ, ಅದೂ ಮೇಸ್ತ್ರಿ ಎದುರಿಗೆ ನಿಂತಿರುವಾಗ. ಹಾಗಾಗಿ ಕೊಡಗಿನಲ್ಲಿ ಮಹಿಳಾ ಅಧ್ಯಯನ ಬೆಳೆಯುತ್ತದೆಯೇ ಅನ್ನುವ ಪ್ರಶ್ನೆ ಸದ್ಯಕ್ಕೆ ಪಠ್ಯದ್ದಲ್ಲ, ಒಂದೆರಡು ಕಾಯಂ ಹುದ್ದೆಗಳದ್ದು. ಆ ಹುದ್ದೆಗಳಿಗೆ ಹಣಕಾಸು ಇಲಾಖೆ ಒಪ್ಪಬೇಕು, ಅದಕ್ಕೂ ಮೊದಲು ವಿಶ್ವವಿದ್ಯಾಲಯ ಅವನ್ನು ಕೇಳಬೇಕು.